ಹೇಳಿದ್ದು, ಕೊಟ್ಟಿದ್ದು

ಬೀಳಗಿ ತಾಲ್ಲೂಕಿನ ನದಿದಂಡೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆ ಎತ್ತರವಾದರೆ ಅವರ ಮೂರು ಎಕರೆ ಜಮೀನು ಮುಳುಗಡೆಗೆ ಹೋಗುತ್ತದೆ. ಒಬ್ಬ ನಾಯಕರು ಪರಿಹಾರ ಬಂದೇ ಬಿಟ್ಟಿತು ಎನ್ನುತ್ತಾರೆ, ಇನ್ನೊಬ್ಬರು ಬೊಕ್ಕಸದಲ್ಲಿ ದುಡ್ಡೇ ಇಲ್ಲ ಎನ್ನುತ್ತಾರೆ, ನೆರೆರಾಜ್ಯದವರು ಎತ್ತರಿಸಲು ಬಿಡುವುದೇ ಇಲ್ಲ ಎನ್ನುತ್ತಾರೆ. “ಯಾವ ಸರ್ಕಾರದ ಮೇಲೂ ನಂಬಿಕೆ ಉಳಿದಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಪತ್ರಿಕೆ ಓದುವುದನ್ನೂ ಮತ ಹಾಕುವುದನ್ನೂ ಬಿಟ್ಟು ಯಾವುದಾದರೂ ಮಠದಲ್ಲಿ ಕುಳಿತರೆ ಮನಸ್ಸು ತಿಳಿಯಾದೀತೇ?” ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಅಪನಂಬಿಕೆ ಕಾಯಿಲೆಯಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅಂದಿನಿಂದ ಈ ನೀರಿನ ಅಂಚಿನಲ್ಲಿ ಹುಟ್ಟಿದ ಮಕ್ಕಳು ಅಜ್ಜಂದಿರಾಗಿದ್ದಾರೆ, ಯೋಜನೆಯ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಹೀಗಿರುವಾಗ ಎಲ್ಲವನ್ನೂ ನಂಬಿ ನೆಮ್ಮದಿಯಿಂದ ಇರಿ ಎಂದು ನಿಮಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ನಂಬುವುದೂ ನಂಬದಿರುವುದೂ ಇಡಿಯಾಗಿ, ಸಗಟಾಗಿ ನಡೆದಾಗ ಮನಸ್ಸು ಕದಡುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲಿಯೇ ಕಂಡಿದ್ದೇನೆ.

ನಮ್ಮದು ಹಳೆ ಬಾಗಲಕೋಟೆಯ ಮುಳುಗಡೆ ಮನೆ. ಅಳತೆಗೆ ಬಂದವರು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಆದರೆ ಹಿತ್ತಲ ಕಡೆಯ ಕೋಣೆ ಅಳತೆಯ ಪಟ್ಟಿಯಲ್ಲಿ ಸೇರಲಿಲ್ಲ. ಅದನ್ನು ಸೇರಿಸಲು ನಮ್ಮ ತಂದೆ ಒಂದು ಕಚೇರಿಗೆ ವರ್ಷಗಟ್ಟಲೆ ತಿರುಗಿದರು. ಮೊದಮೊದಲು ಅವರೂ ನಿಮ್ಮ ಹಾಗೆಯೇ ರಾತ್ರಿಯೆಲ್ಲ ಎದ್ದು ಕುಳಿತು ಸರ್ಕಾರವನ್ನೂ ಪುಢಾರಿಗಳನ್ನೂ ಬಯ್ಯುತ್ತಿದ್ದರು. ಒಂದು ದಿನ ನನ್ನ ಶಾಲೆಯ ಹಳೆಯ ನೋಟುಬುಕ್ಕನ್ನು ತೆಗೆದುಕೊಂಡು, ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಹೇಳಿದ್ದು’ ಎಂದೂ ಬಲಕ್ಕೆ ‘ಕೊಟ್ಟಿದ್ದು’ ಎಂದೂ ಬರೆದರು. ಯಾವ ತಾರೀಖಿಗೆ ಯಾರು ಏನು ಹೇಳಿದರು ಎಂಬುದು ಎಡಕ್ಕೆ. ಸಹಿ, ಮೊಹರು ಇರುವ ಯಾವ ಕಾಗದ ಕೈಗೆ ಬಂತು ಎಂಬುದು ಬಲಕ್ಕೆ. ಎಡಗಡೆ ಹನ್ನೊಂದು ಪುಟ ತುಂಬಿದಾಗ ಬಲಗಡೆ ಇದ್ದದ್ದು ನಾಲ್ಕು ಸಾಲು. ಆ ನಾಲ್ಕು ಸಾಲುಗಳನ್ನು ನೋಡಿದ ಮೇಲೆ ಮುಂದೆ ಯಾವ ಬಾಗಿಲು ಬಡಿಯಬೇಕೆಂಬುದು ಅವರಿಗೆ ಹೊಳೆಯಿತು. ಆ ಕೋಣೆಯ ದುಡ್ಡು ಬರುವುದಕ್ಕೆ ಬಹಳ ಮೊದಲೇ ಅವರಿಗೆ ನಿದ್ದೆ ಬರತೊಡಗಿತು.

ನಿಮ್ಮನ್ನು ಗೊಂದಲಕ್ಕೆ ಕೆಡವಿದ ಹೇಳಿಕೆಗಳನ್ನೂ ಹೀಗೆಯೇ ಗೆರೆಯ ಎರಡು ಬದಿಗೆ ಹಚ್ಚಿ ನೋಡೋಣ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ನೀರು ನಿಲ್ಲಿಸುವ ಗರಿಷ್ಠ ಮಟ್ಟ ಅದು. ಕೃಷ್ಣಾ ನೀರಿನ ಹಂಚಿಕೆಯ ವಿವಾದ ಕೇಳಿದ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು 524.256 ಮೀಟರ್‌ವರೆಗೆ ಎತ್ತರಿಸಲು ಅನುಮತಿ ನೀಡಿತು, ಇದೂ ಕಾಗದದ ಮೇಲಿದೆ. ಆದರೆ 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ಅಂಥ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆಯೇ ಜಾರಿಗೆ ಬರುತ್ತದೆ, ಆ ಪ್ರಕಟಣೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಇಷ್ಟು ತಿಳಿದರೆ, ‘ಅನುಮತಿ ಸಿಕ್ಕಿದೆ’ ಎನ್ನುವವರೂ ‘ಎತ್ತರಿಸಲು ಬರುವುದಿಲ್ಲ’ ಎನ್ನುವವರೂ ಒಂದೇ ಸಂಗತಿಯ ಅರ್ಧರ್ಧವನ್ನು ಹೇಳುತ್ತಿದ್ದಾರೆಂಬುದು ಗೊತ್ತಾಗುತ್ತದೆ. ಪೂರ್ತಿ ಹೇಳಿದರೆ ಭಾಷಣಕ್ಕೆ ಕಾವು ಬರುವುದಿಲ್ಲ. ಅರ್ಧವನ್ನೇ ದಪ್ಪಕ್ಷರದ ತಲೆಬರಹ ಮಾಡುವ ತಪ್ಪನ್ನು ನಾವು ಪತ್ರಿಕೆಯವರೂ ಮಾಡಿದ್ದೇವೆ, ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಪರಿಹಾರದ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ತೀರ್ಮಾನ ನಿಜ. ಆದರೆ ನಿಮ್ಮ ಸರ್ವೆ ನಂಬರಿಗೆ ಹಣ ಬರುವುದು ನಿಮ್ಮ ಹೆಸರಿನ ಅವಾರ್ಡು, ಅಂದರೆ ಪರಿಹಾರ ಇಷ್ಟೆಂದು ಗೊತ್ತುಮಾಡುವ ಆದೇಶ, ಆದ ಮೇಲೆ. ಆದ್ದರಿಂದ ಸದ್ಯಕ್ಕೆ ಆ ಸಾಲನ್ನು ಎಡಗಡೆಗೇ ಬರೆದಿಡಿ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ನಿಮ್ಮ ಪತ್ರದ ನಾಲ್ಕು ಪುಟಗಳಲ್ಲಿ ಮೂರೂವರೆ ಪುಟ ನಾಯಕರ ಮಾತುಗಳಿಗೇ ಹೋಗಿದೆ. ಮೂರನೆಯ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ನೀವು ಹೀಗೆ ಬರೆದಿದ್ದೀರಿ: “ಹನ್ನೆರಡು ವರ್ಷದಿಂದ ಹೊಳೆಗೆ ಪಂಪ್‌ಸೆಟ್ ಕೂಡ್ರಿಸಿ ಕಬ್ಬು ಬೆಳೆಯುತ್ತೇನೆ, ಆದರೆ ಪಹಣಿಯಲ್ಲಿ ಇನ್ನೂ ಖುಷ್ಕಿ ಅಂತಲೇ ಇದೆ.” ಖುಷ್ಕಿ ಎಂದರೆ ಒಣಭೂಮಿ. ಇಡೀ ಪತ್ರದಲ್ಲಿ ನಿಮ್ಮ ಕೈಯಲ್ಲಿರುವ ಸಂಗತಿ ಇದೊಂದೇ, ಅದನ್ನು ನೀವು ಅಂಚಿಗೆ ತಳ್ಳಿದ್ದೀರಿ. ಎಕರೆಗೆ ಹತ್ತು ಲಕ್ಷದಂತೆ ಮೂರು ಎಕರೆಗೆ ಮೂವತ್ತು ಲಕ್ಷದ ವ್ಯತ್ಯಾಸ ಆ ಒಂದು ಶಬ್ದದಲ್ಲಿ ಅಡಗಿದೆ. ರಾತ್ರಿ ನಿಮ್ಮನ್ನು ಎಬ್ಬಿಸುತ್ತಿರುವುದು ಸರ್ಕಾರವೆಂಬ ದೊಡ್ಡ ಆಕಾರವಲ್ಲ, ತಿದ್ದದೆ ಉಳಿದ ಈ ಶಬ್ದವೇ ಎಂದು ನನ್ನ ಅನಿಸಿಕೆ. ‘ಸರ್ಕಾರವನ್ನು ನಂಬುವುದಿಲ್ಲ’ ಎಂಬ ಮಾತಿಗೆ ಯಾವ ಕಚೇರಿಯೂ ಉತ್ತರ ಕೊಡಬೇಕಾಗಿಲ್ಲ, ‘ನನ್ನ ಪಹಣಿಯಲ್ಲಿ ಖುಷ್ಕಿ ಎಂದು ಏಕಿದೆ?’ ಎಂಬ ಪ್ರಶ್ನೆಗೆ ಕೊಡಲೇಬೇಕು.

ಮಠದಲ್ಲಿ ಕುಳಿತುಕೊಳ್ಳುವ ವಿಚಾರ. ಕುಳಿತುಕೊಳ್ಳಿ, ಬೇಡವೆನ್ನಲಾರೆ, ಬೆಳಗಿನ ಒಂದು ತಾಸಿನ ಮೌನ ಎಂಥ ಮನಸ್ಸಿಗೂ ಒಳ್ಳೆಯದು. ಆದರೆ ಆಲಮಟ್ಟಿಯಲ್ಲಿಯೇ ಆಶ್ರಮ ಕಟ್ಟಿ, 1947ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದ ಹರ್ಡೇಕರ ಮಂಜಪ್ಪನವರನ್ನು ನೆನೆಯಿರಿ. ಕರ್ನಾಟಕದ ಗಾಂಧಿ ಎಂದು ಜನ ಕರೆದ ಆ ಬ್ರಹ್ಮಚಾರಿಗೆ ಪ್ರಾರ್ಥನೆಯೂ ಊರಿನ ಕೆಲಸವೂ ಬೇರೆ ಬೇರೆ ಆಗಿರಲಿಲ್ಲ. ಮತ ಹಾಕುವುದನ್ನು ಬಿಡುವ ಮಾತನ್ನಂತೂ ದಯವಿಟ್ಟು ಆಡಬೇಡಿ. ನೀವು ಬಿಟ್ಟ ಜಾಗದಲ್ಲಿ ನಿಮ್ಮ ಹೊಲದ ಬಗ್ಗೆ ಏನೂ ಗೊತ್ತಿಲ್ಲದವರು ಬಂದು ಕೂರುತ್ತಾರೆ.

ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ವಾಟ್ಸ್ಆ್ಯಪ್ ಭಾಷಣಗಳನ್ನು ಕೇಳುವುದನ್ನು ಮಾತ್ರ ನಿಲ್ಲಿಸಿ.

ಇನ್ನು ಕೆಲಸ. ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ; ಪಂಪ್‌ಸೆಟ್ಟಿನ ವಿದ್ಯುತ್ ಬಿಲ್ಲು, ಕಾರ್ಖಾನೆಗೆ ಕಬ್ಬು ಕಳಿಸಿದ ತೂಕದ ಚೀಟಿ ಜೊತೆಗಿರಲಿ. ಈ ಹಂಗಾಮಿನ ಬೆಳೆಯನ್ನು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಫೋಟೊ ಸಹಿತ ದಾಖಲಿಸಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ಕಡತ ಯಾರ ಮೇಜಿನ ಮೇಲಿದೆ ಎಂದಷ್ಟೇ ಕೇಳಿ. ಅವರಿಗೆ 30 ದಿನಗಳ ಗಡುವು ಇದೆ. ಅದು ಮೀರಿದರೆ ಮತ್ತೆ 30 ದಿನಗಳೊಳಗೆ ನೀವು ಮೊದಲ ಮೇಲ್ಮನವಿ ಸಲ್ಲಿಸಬೇಕು. ಇದೆಲ್ಲ ಸರಾಗವಾಗಿ ನಡೆಯುತ್ತದೆಂದು ನಾನು ಭರವಸೆ ಕೊಡುವುದಿಲ್ಲ, ಓಡಾಟ ಇದ್ದೇ ಇರುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಬಿದ್ದರೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಕಾಲಾವಕಾಶವಿದೆ. ಆದ್ದರಿಂದ ಪಂಚಾಯ್ತಿ ಕಚೇರಿಯ ನೋಟಿಸ್ ಬೋರ್ಡನ್ನು ವಾರಕ್ಕೊಮ್ಮೆ ನೀವೇ ಹೋಗಿ ನೋಡಿ.

ನಮ್ಮ ತಂದೆಯ ನೋಟುಬುಕ್ಕು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಬಾಗಲಕೋಟೆಯ ನವನಗರಕ್ಕೆ ಬಂದಾಗ ನಮ್ಮ ಕಚೇರಿಗೆ ಬನ್ನಿ, ತೋರಿಸುತ್ತೇನೆ. ಬರುವಾಗ ಪಹಣಿಯ ಪ್ರತಿಯನ್ನು ತನ್ನಿ. ಅರ್ಜಿಯನ್ನು ಇಲ್ಲಿಯೇ ಕುಳಿತು ಬರೆಯೋಣ.

— ಸಂಪಾದಕ