ಬೆಳೆಗೆ ಔಷಧಿ ಸಿಂಪಡಿಸುವಾಗ ವಿಮಾನದ ಇಂಜಿನ್ ಕೆಟ್ಟರೆ ಪೈಲಟ್ ಏನು ಮಾಡಬೇಕು?

ಮೊದಲು ಔಷಧಿಯ ತೊಟ್ಟಿ ಖಾಲಿ ಮಾಡಬೇಕು. ಅಮೆರಿಕದ ಏರ್ ಟ್ರ್ಯಾಕ್ಟರ್ ಎಟಿ-802 ವಿಮಾನದ ತೊಟ್ಟಿ ಸುಮಾರು 3,000 ಲೀಟರ್ ಹಿಡಿಸುತ್ತದೆ. ಅಂದರೆ ಹತ್ತಿರ ಹತ್ತಿರ 3 ಟನ್ ಭಾರ! ಡಂಪ್ ಲಿವರ್ ಒತ್ತಿದರೆ ತಳದ ಬಾಗಿಲು ತೆರೆದು ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಸುರಿದುಹೋಗುತ್ತದೆ. ಭಾರ ಇಳಿದ ವಿಮಾನ ಕಡಿಮೆ ವೇಗದಲ್ಲಿ ನೆಲ ಮುಟ್ಟಬಲ್ಲದು, ಪೆಟ್ಟೂ ಕಡಿಮೆ.

ನಿಜವಾದ ಕಷ್ಟ ಎತ್ತರದ್ದು. ಸಿಂಪಡಿಸುವಾಗ ಬೆಳೆಯ ಮೇಲೆ ಮೂರು-ನಾಲ್ಕು ಮೀಟರ್ ಅಷ್ಟೇ ಇರುತ್ತದೆ. ಯೋಚಿಸುತ್ತಾ ಕೂರಲು ಆಗಲ್ಲ. ಇರುವ ವೇಗದಲ್ಲೇ ಸ್ವಲ್ಪ ಮೇಲೇರಿ, ತಕ್ಷಣ ಮೂತಿ ತಗ್ಗಿಸಿ, ಎದುರಿಗೆ ಸಿಕ್ಕ ಬಯಲಲ್ಲಿ ಇಳಿಸಬೇಕು. ರನ್‌ವೇಗೆ ವಾಪಸ್ ತಿರುಗುವ ಆಸೆ ಬೇಡವೇ ಬೇಡ. ತಿರುವಿನಲ್ಲಿ ವೇಗ ಕುಸಿದು ರೆಕ್ಕೆ ಸ್ಟಾಲ್ ಆದರೆ, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಂಡರೆ, ಅಷ್ಟು ಕೆಳಗೆ ಸರಿಪಡಿಸಿಕೊಳ್ಳಲು ಜಾಗವೇ ಇರಲ್ಲ. ಜೀವಕ್ಕೇ ಕುತ್ತು.

ಎತ್ತರದ ಬೆಳೆ, ಕೆಸರುಗದ್ದೆ ಕೂಡ ಅಪಾಯ. ಚಕ್ರ ಹೂತು ವಿಮಾನ ಮಗುಚಬಹುದು. ಅದಕ್ಕೇ ಕಾಕ್‌ಪಿಟ್ ಸುತ್ತ ಗಟ್ಟಿ ಉಕ್ಕಿನ ಚೌಕಟ್ಟು ಇರುತ್ತದೆ. ಹೆಲ್ಮೆಟ್, ಭುಜದ ಬೆಲ್ಟ್ ಹಾಕದೆ ಹೊರಡಲೇಬಾರದು. ಕೆಲಸ ಶುರುವಾಗುವ ಮೊದಲು ಹೊಲದ ಮೇಲೊಂದು ಸುತ್ತು ಹಾಕಿ ಕರೆಂಟ್ ತಂತಿ ಎಲ್ಲಿದೆ, ಇಳಿಯಲು ಬಯಲು ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿಟ್ಟುಕೊಳ್ಳಬೇಕು.