ಸ್ಪೆಲಿಂಗ್ ಕಲಿಯಲು ಪದವನ್ನು ಬಿಡಿಸಿ ನೋಡಿ

ಪ್ರಿಯ ಓದುಗರೇ,

ಹಾವೇರಿ ಜಿಲ್ಲೆಯಿಂದ ನೀವು ಬರೆದ ಪತ್ರ ತಲುಪಿದೆ. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿ, ಈಗ ಕೇಂದ್ರ ಸರ್ಕಾರಿ ಹುದ್ದೆಗಳಿಗಾಗಿ ಎಸ್ಸೆಸ್ಸಿ (ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಪದವಿ ಮಟ್ಟದ ಸಿಜಿಎಲ್ ಪರೀಕ್ಷೆಗೆ ತಯಾರಾಗುತ್ತಿದ್ದೀರಿ. ಒಂದೊಂದು ಇಂಗ್ಲಿಷ್ ಪದವನ್ನೂ ಹತ್ತು ಹತ್ತು ಸಲ ಬರೆದರೂ ವಾರದೊಳಗೆ ಮರೆತುಹೋಗುತ್ತದೆ, ಈ ಭಾಷೆಯ ಸ್ಪೆಲಿಂಗಿಗೆ ನಿಯಮವೇ ಇಲ್ಲವೇ ಎಂದು ಕೇಳಿದ್ದೀರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವಾಗ ಸಂಶಯವಿರುವ ಪ್ರಶ್ನೆಗಳನ್ನು ಬಿಟ್ಟುಬಿಡಬೇಕೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ನಿಯಮ ಇದೆ. ಅದನ್ನು ಉಚ್ಚಾರದಲ್ಲಷ್ಟೇ ಹುಡುಕಿದರೆ ಸಿಗದು. ಇಂಗ್ಲಿಷ್ ಬರವಣಿಗೆ ಎಷ್ಟೋ ಕಡೆ ಪದದ ಬಂಧುಬಳಗವನ್ನು ತೋರಿಸುತ್ತದೆ. ‘ಸೈನ್’ನಲ್ಲಿ ಜಿ ಅಕ್ಷರ ಕೇಳಿಸುವುದಿಲ್ಲ, ‘ಸಿಗ್ನೇಚರ್’ನಲ್ಲಿ ಕೇಳಿಸುತ್ತದೆ. ‘ಕಂಡೆಮ್’ನ ಕೊನೆಯ ಎನ್ ‘ಕಂಡೆಮ್ನೇಷನ್’ನಲ್ಲಿ ಬಾಯಿಬಿಡುತ್ತದೆ. ಸಾಲ ಎಂಬ ಅರ್ಥದ ‘ಡೆಟ್’ನಲ್ಲಿ ಬಿ ಯಾಕಿದೆ ಎಂದರೆ ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನ ‘ಡೆಬಿಟ್’ ನೋಡಿ. ಫ್ರೆಂಚಿನಿಂದ ಬಂದಾಗ ಆ ಪದಕ್ಕೆ ಬಿ ಇರಲಿಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ವಿದ್ವಾಂಸರು ಆಮೇಲೆ ಸೇರಿಸಿದರು. ತಿಳಿ ಎಂಬ ಅರ್ಥದ ‘ನೋ’, ಚಾಕು ಎಂಬ ಅರ್ಥದ ‘ನೈಫ್’ಗಳ ಮೊದಲಿನ ಕೆ ಮಾತ್ರ ಹಿಂದೆ ನಿಜಕ್ಕೂ ಉಚ್ಚಾರವಾಗುತ್ತಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣ ತಂದ. ಅಲ್ಲಿಂದಾಚೆ ಬರಹ ನಿಧಾನವಾಗಿ ನೆಲೆನಿಂತಿತು, ನಾಲಿಗೆ ಬದಲಾಗುತ್ತ ಹೋಯಿತು.

ಇನ್ನು ಪದರಚನೆ. ಇಲ್ಲಿ ಕನ್ನಡ ಮಾಧ್ಯಮದವರಾದ ನಿಮಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ ಎಂಬುದೇ ನನ್ನ ಬೇಸರ. ಪ್ರೌಢಶಾಲೆಯಲ್ಲಿ ಸತ್ ಮತ್ತು ಜನ ಸೇರಿ ಸಜ್ಜನ, ಚಿತ್ ಮತ್ತು ಮಯ ಸೇರಿ ಚಿನ್ಮಯ ಎಂದು ಕಲಿತಿದ್ದೀರಲ್ಲ, ಮುಂದಿನ ಅಕ್ಷರಕ್ಕೆ ಹಿಂದಿನದು ಒಗ್ಗಿಕೊಳ್ಳುವ ಅದೇ ಕೆಲಸ ಲ್ಯಾಟಿನ್‌ನಿಂದ ಬಂದ ಪದಗಳಲ್ಲೂ ನಡೆದಿದೆ. ‘ಇನ್’ ಎಂಬ ನಿಷೇಧದ ಉಪಸರ್ಗ ‘ಲೀಗಲ್’ ಮುಂದೆ ‘ಇಲ್’ ಆಗುತ್ತದೆ, ‘ರೆಗ್ಯುಲರ್’ ಮುಂದೆ ‘ಇರ್’, ‘ಪಾಸಿಬಲ್’, ‘ಮಾರಲ್’ಗಳ ಮುಂದೆ ‘ಇಮ್’. ಆದ್ದರಿಂದಲೇ ‘ಇಲ್ಲೀಗಲ್’ನಲ್ಲಿ ಎರಡು ಎಲ್: ಒಂದು ಉಪಸರ್ಗದ್ದು, ಇನ್ನೊಂದು ಮೂಲಪದದ್ದು. ‘ಡಿಸ್’ ಸೇರಿದ ‘ಅಪಿಯರ್’ಗೆ ಒಂದೇ ಎಸ್, ‘ಸ್ಯಾಟಿಸ್ಫೈ’ಗೆ ಸೇರುವ ಜಾಗದಲ್ಲಿ ಎರಡು. ಬಹಳ ಜನ ಎಡವುವ ‘ಅಕಾಮಡೇಟ್’ ಕೂಡ ಹೀಗೆಯೇ. ‘ಆಡ್’ ಎಂಬ ಉಪಸರ್ಗದ ಡಿ ಮುಂದಿನ ಸಿಗೆ ಒಗ್ಗಿ ಎರಡು ಸಿ ಆದವು. ‘ಕಾಮ್’ನ ಎಮ್ ಜೊತೆಗೆ ಮೂಲಪದದ ಎಮ್ ಸೇರಿ ಎರಡು ಎಮ್ ಆದವು. ‘ರೆಕಮೆಂಡ್’ ಎಂದರೆ ‘ರಿ’ ಮತ್ತು ‘ಕಮೆಂಡ್’. ಸಿ ಒಂದೇ, ಎಮ್ ಎರಡು.

ಪದದ ಕೊನೆಯಲ್ಲಿ ಪ್ರತ್ಯಯ ಸೇರುವಾಗ ಒತ್ತು, ಅಂದರೆ ಉಚ್ಚರಿಸುವಾಗಿನ ಹೆಚ್ಚಿನ ಬಲ, ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ‘ಬಿಗಿನ್’ನ ಒತ್ತು ಕೊನೆಯ ಭಾಗದ ಮೇಲಿದೆ, ‘ಇಂಗ್’ ಸೇರಿದಾಗ ಎನ್ ಎರಡಾಗುತ್ತದೆ. ‘ಓಪನ್’ನ ಒತ್ತು ಮೊದಲಿಗಿದೆ, ಎನ್ ಒಂದೇ ಉಳಿಯುತ್ತದೆ. ‘ಅಕರ್’ಗೆ (ಸಂಭವಿಸು) ‘ಎಡ್’ ಸೇರಿದ ‘ಅಕರ್ಡ್’ಗೆ ಎರಡು ಆರ್, ‘ಆಫರ್’ಗೆ ‘ಎಡ್’ ಸೇರಿದ ‘ಆಫರ್ಡ್’ಗೆ ಒಂದೇ ಆರ್ ಇರುವುದೂ ಇದರಿಂದಲೇ. ಕನ್ನಡದಲ್ಲಿ ಒತ್ತಿನಿಂದ ಅಕ್ಷರ ಬದಲಾಗದ ಕಾರಣ ನಮ್ಮ ಕಿವಿ ಇದಕ್ಕೆ ಪಳಗಿಲ್ಲ. ನಿಘಂಟಿನಲ್ಲಿ ಒತ್ತಿನ ಭಾಗಕ್ಕೆ ಮುಂಚೆ ಇರುವ ಪುಟ್ಟ ಗೆರೆ ನೋಡಿ. ‘ಟ್ರಾವೆಲ್’ ಈ ನಿಯಮ ಮೀರುತ್ತದೆ: ಬ್ರಿಟಿಷ್ ಬರಹದಲ್ಲಿ ‘ಟ್ರಾವೆಲ್ಡ್’ಗೆ ಎರಡು ಎಲ್, ಅಮೆರಿಕದಲ್ಲಿ ಒಂದು. ‘ಪರ್ಮಿಟ್’, ‘ಅಡ್ಮಿಟ್’, ‘ಸಬ್ಮಿಟ್’ಗಳು ‘ಪರ್ಮಿಷನ್’ನಂತೆ ನಾಮಪದವಾದಾಗ ಎರಡು ಎಸ್ ಬರುತ್ತವೆ. ‘ಐಲ್ಯಾಂಡ್’ನ ಎಸ್‌ನಂಥವನ್ನು ಬಾಯಿಪಾಠ ಮಾಡಲೇಬೇಕು.

ವ್ಯಾಕರಣದಲ್ಲಿ ನಮ್ಮವರ ತಪ್ಪುಗಳು ಹೆಚ್ಚಾಗಿ ಕನ್ನಡದ ವಾಕ್ಯದಿಂದಲೇ ಬರುತ್ತವೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂದು ಯೋಚಿಸಿ ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಹಾಕುತ್ತೇವೆ, ಅದು ಬೇಡ. ‘ಒನ್ ಆಫ್ ಮೈ’ ಆದ ಮೇಲೆ ನಾಮಪದ ಬಹುವಚನ, ಕ್ರಿಯಾಪದ ಏಕವಚನ. ‘ಎ’, ‘ಆ್ಯನ್’ ಆರಿಸುವಾಗ ಮಾತ್ರ ಅಕ್ಷರ ಮರೆತು ಕಿವಿಯನ್ನೇ ನಂಬಿ: ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’. ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ಇಂಥವು ಮತ್ತೆ ಮತ್ತೆ ಬರುತ್ತವೆ.

ಹತ್ತು ಸಲ ಬರೆಯುವುದನ್ನು ಇಂದೇ ನಿಲ್ಲಿಸಿ. ಒಂದು ಪದದ ಬದಲು ಒಂದು ಕುಟುಂಬವನ್ನೇ ಬರೆಯಿರಿ: ‘ಡಿಸೈಡ್’, ‘ಡಿಸಿಷನ್’, ‘ಡಿಸೈಸಿವ್’, ‘ಇನ್‌ಡಿಸಿಷನ್’. ಮರುದಿನ ಪುಟ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿ, ವಾರದ ನಂತರ ಮತ್ತೊಮ್ಮೆ. ಹೊಸ ಗೈಡ್ ಕೊಳ್ಳುವ ಮುನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಮುಗಿಸಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಸಿಜಿಎಲ್ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಸರಿಯಾದರೆ ಎರಡು ಅಂಕ ಬರುತ್ತದೆ, ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಪದವನ್ನು ಬಿಡಿಸಿ ನೋಡಿ ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ತಳ್ಳಿಹಾಕಲು ಆದರೆ, ಉಳಿದೆರಡರಲ್ಲಿ ಒಂದನ್ನು ಧೈರ್ಯವಾಗಿ ಗುರುತಿಸಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ತಪ್ಪಾದರೂ ಕೈಯಲ್ಲಿ ಮೂರು ಅಂಕ ಉಳಿಯುತ್ತದೆ.

— ಸಂಪಾದಕ