ಆಪ್ತಸಲಹೆ ಪ್ರಕರಣ: ಹುಳ ಮೇಯಿಸುವ ಅಪ್ಪನಿಗೆ ಮಗಳ ಕೃತಜ್ಞತೆ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಲಾಗಿದೆ.)

ಭಾಗ್ಯ ಎನ್ನೋಣ. ವಯಸ್ಸು 24. ಊರು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಕೆಲಸ ದೇವನಹಳ್ಳಿ ಕಡೆಯ ಕಂಪನಿಯಲ್ಲಿ, ವಾಸ ಪಿಜಿಯಲ್ಲಿ. ಅಪ್ಪನಿಗೆ 53, ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಬೆಳೆಯ ಮೇಲೆ ಬೆಳೆ ರೇಷ್ಮೆ. "ಏನು ತಂದುಕೊಟ್ಟರೂ ನಮ್ಮಪ್ಪ 'ಯಾಕಮ್ಮ ದುಡ್ಡು ಹಾಳು ಮಾಡಿದೆ' ಅಂತಾರೆ. ಅವರಿಗೆ ಬೇಡ್ವಾ, ನನಗೆ ಕೊಡೋಕೆ ಬರಲ್ವಾ?" ಎಂಬುದು ಆಕೆಯ ಪ್ರಶ್ನೆ. ಹಿಂದೆ ತಂದಿದ್ದ ವಾಚು, ಷರ್ಟುಗಳು ಬೀರುವಿನಲ್ಲಿ ಹಾಗೇ ಇದ್ದವು. ಈ ಸಲ ಜೂನ್ ಮೂರನೇ ಭಾನುವಾರ, ಅಪ್ಪಂದಿರ ದಿನಕ್ಕೆ, 18,000 ರೂಪಾಯಿಯ ಮೊಬೈಲನ್ನು ಕಂತಿನಲ್ಲಿ ಕೊಡಿಸುವ ಯೋಚನೆ.

ಕಂತು ಬೇಡ ಎಂದು ಮೊದಲೇ ಹೇಳಿದೆವು. ಗೂಡಿನ ರೇಟು ಬಿದ್ದ ದಿನ ಮನೆ ಹೇಗೆ ನಡೆಯುತ್ತದೆ ಎಂದು ಬಲ್ಲ ಮನುಷ್ಯನಿಗೆ ಮಗಳ ತಲೆಯ ಮೇಲಿನ ಕಂತು ಸಾಲವಾಗಿಯೇ ಕಾಣುತ್ತದೆ. ಅವರು ಬೇಡವೆಂದದ್ದು ಖರ್ಚನ್ನು. ಮಗಳ ಪ್ರೀತಿ ಏನೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ.

ಅಪ್ಪ ಮಾಡಿದ್ದರಲ್ಲಿ ಮರೆಯದೇ ಉಳಿದದ್ದು ಯಾವುದು ಎಂದಾಗ "ತುಂಬಾ ಕಷ್ಟಪಟ್ಟಿದ್ದಾರೆ" ಎಂದಳು. ಈ ಮಾತು ಯಾವ ಅಪ್ಪನಿಗಾದರೂ ಹೊಂದುತ್ತದೆ, ಅದಕ್ಕೇ ಯಾರಿಗೂ ತಟ್ಟುವುದಿಲ್ಲ. ಒತ್ತಿ ಕೇಳಿದ ಮೇಲೆ ನಿಜವಾದದ್ದು ಬಂತು: ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಹುಳ ಕೊನೆಯ ಹಂತದಲ್ಲಿದ್ದವು. ಬೆಳಗಿನ ಸೊಪ್ಪು ಹಾಕಿ, ಇವಳನ್ನು ಗಾಡಿಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಬಿಟ್ಟು, ಮತ್ತೆ ಸೊಪ್ಪಿಗೆ ಓಡಿ, ಮಧ್ಯಾಹ್ನ ಕರೆತರಲು ಬರುತ್ತಿದ್ದರು. ಆ ಬೆಳೆಯ ದುಡ್ಡೇ ಪಿಯುಸಿ ಫೀಸು.

ಇದನ್ನೇ ಪತ್ರ ಮಾಡಲು ಹೇಳಿದೆವು. ಒಂದೇ ಪುಟ, ಎಂಟು ಹತ್ತು ವಾಕ್ಯ. ಅಪ್ಪ ಮಾಡಿದ ಆ ಒಂದು ಕೆಲಸ, ದಿನ ಜಾಗ ಸಮೇತ. ಅದಕ್ಕೆ ಅವರು ಕೊಟ್ಟ ಬೆಲೆ ತನಗೆ ಯಾವಾಗ ಅರ್ಥವಾಯಿತು. ಇವತ್ತಿನ ತನ್ನ ಬದುಕಿನಲ್ಲಿ ಅದು ಎಲ್ಲಿ ನಿಂತಿದೆ. ಅಷ್ಟಕ್ಕೆ ನಿಲ್ಲಿಸಬೇಕು. "ಆದರೆ" ಎಂಬ ಪದ ಬರಬಾರದು. ಮದುವೆಯ ಮಾತು, ಕೆಲಸ ಬಿಡುವ ಮಾತು, ಬೀಡಿ ಬಿಡಿ ಎಂಬ ಬುದ್ಧಿಮಾತು ಯಾವುದೂ ಆ ಹಾಳೆಯಲ್ಲಿ ಇರಬಾರದು. ಒಂದು ಬೇಡಿಕೆ ಸೇರಿದರೂ ಮೇಲಿನದೆಲ್ಲ ಪೀಠಿಕೆಯಾಗಿಬಿಡುತ್ತದೆ. ಅಕ್ಷರ ದೊಡ್ಡದಾಗಿ, ಸಾಲು ಬಿಟ್ಟು ಸಾಲು. ವಾಟ್ಸಾಪ್ ಸ್ಟೇಟಸ್ಸು ಬೇಡ. ಅದನ್ನು ಓದುವವರು ಗೆಳತಿಯರು.

"ಮನೇಲಿ ಮಾತಾಡೋದು ತೆಲುಗು, ಬರೆಯೋದು ಹೇಗೆ?" ಎಂದಳು. ಈ ಭಾಗದ ಎಷ್ಟೋ ಮನೆಗಳ ಸ್ಥಿತಿ ಅದೇ. ಅಪ್ಪ ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಪರು ಓದುವುದೂ ಕನ್ನಡದಲ್ಲೇ. ಬರೆಯುವುದು ಕನ್ನಡದಲ್ಲಿ, ಕೈಗಿಡುವಾಗ ಹೇಳುವ ಒಂದು ಮಾತು ತೆಲುಗಿನಲ್ಲಿ.

ಮುಜುಗರ ಅವಳನ್ನು ಹೆಚ್ಚು ಕಾಡುತ್ತಿತ್ತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೇರ ಇದರ ಬಗ್ಗೆಯೇ ಇದೆ: ಕೃತಜ್ಞತೆಯ ಪತ್ರ ಬರೆಯುವವರು ಓದುವವರ ಮುಜುಗರವನ್ನು ಇರುವುದಕ್ಕಿಂತ ಹೆಚ್ಚೆಂದೂ, ಸಂತೋಷವನ್ನು ಕಡಿಮೆಯೆಂದೂ ಅಂದಾಜು ಮಾಡುತ್ತಾರೆ.

ಯಾವಾಗ ಕೊಡಬೇಕು ಎಂಬುದು ಪತ್ರದಷ್ಟೇ ಮುಖ್ಯ. ಕ್ಯಾಲೆಂಡರಿನ ಭಾನುವಾರ ಬಿಟ್ಟು ಹುಳದ ಲೆಕ್ಕ ಹಿಡಿಯಲು ಹೇಳಿದೆವು. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಸುಮಾರು ಒಂದು ದಿನ ಸೊಪ್ಪು ಹಾಕುವಂತಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಗೂಡಿನವರೆಗೆ ಏಳೆಂಟು ದಿನ. ಇಡೀ ಬೆಳೆಯ ಸೊಪ್ಪಿನಲ್ಲಿ ಶೇಕಡ 80ರಷ್ಟು ಆ ದಿನಗಳಲ್ಲೇ ಹೋಗುತ್ತದೆ. ಆಗ ಅಪ್ಪನಿಗೆ ನಿದ್ದೆಯೂ ಇಲ್ಲ, ಕಿವಿಯೂ ಇಲ್ಲ. ಹುಳ ಜ್ವರದಲ್ಲಿರುವ ದಿನ ಮಾತ್ರ ಮನುಷ್ಯ ಬಿಡುವಾಗಿ ಹುಳದ ಮನೆಯ ಮುಂದೆ ಕೂತಿರುತ್ತಾನೆ. ಯಾವಾಗ ಜ್ವರ ಎಂದು ಅಮ್ಮನಿಗೆ ಫೋನು ಮಾಡಿ ತಿಳಿದುಕೊಂಡು ಆ ಹೊತ್ತಿಗೆ ಹೋಗಬೇಕು, ಒಂದು ದಿನ ರಜೆ ಹಾಕಿಯಾದರೂ.

ಭಾಗ್ಯ ಅದಕ್ಕೂ ಮೊದಲೇ ತಾನಾಗಿ ಒಂದು ಪ್ರಯತ್ನ ಮಾಡಿದ್ದಳು. "ನೀನು ಮಲಗಪ್ಪ, ಇವತ್ತು ಸೊಪ್ಪು ನಾನು ಹಾಕ್ತೀನಿ" ಎಂದದ್ದಕ್ಕೆ "ನನಗೇನು ಕೈಲಾಗಲ್ವಾ?" ಎಂದು ರೇಗಿದ್ದರು. ಐವತ್ತು ದಾಟಿದ ಗಂಡಸಿನ ಕೈಯಿಂದ ಕೆಲಸ ಕಿತ್ತುಕೊಂಡರೆ ಮುದುಕನಾದೆ ಎಂದಂತೆ ಕೇಳಿಸುತ್ತದೆ. ಕೆಲಸ ಕಲಿಸಲು ಕೇಳಬೇಕು ಎಂದೆವು: ಹುಳ ಹಣ್ಣಾಗಿದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಅವರು ಬಣ್ಣ ತೋರಿಸುತ್ತಾರೆ, ಮೇವು ಬಿಟ್ಟು ತಲೆ ಎತ್ತುವ ಹುಳ ತೋರಿಸುತ್ತಾರೆ. ಅವರ ಒಪ್ಪಿಗೆ ಕೇಳಿ ಹತ್ತು ನಿಮಿಷ ಇದ್ದ ಮೊಬೈಲಿನಲ್ಲೇ ಧ್ವನಿ ಹಿಡಿದಿಟ್ಟುಕೊಳ್ಳಬಹುದು. ಖರ್ಚೇ ಇಲ್ಲದ ಈ ಕೆಲಸದಷ್ಟು ಬೆಲೆಯುಳ್ಳದ್ದು ನಮಗೆ ಬೇರೆ ಕಾಣುವುದಿಲ್ಲ.

ವಸ್ತು ಕೊಡಲೇಬೇಕೆಂದಳು. ಅಪ್ಪ ಪೇಪರನ್ನು ತೋಳು ಚಾಚಿ ಓದುತ್ತಾರಂತೆ. ನಲವತ್ತರ ನಂತರ ಹತ್ತಿರದ ದೃಷ್ಟಿ ಕುಂದುವುದು ಸಹಜ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ, ಓದುವ ಕನ್ನಡಕ ಮಾಡಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಅಂದಾಜಿನ ನಂಬರು ತರಬಾರದು, ಜೊತೆಗೆ ಕರೆದುಕೊಂಡೇ ಹೋಗಬೇಕು.

ಕುಡಿತ, ಹೊಡೆತ ಇರುವ ಮನೆಗೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಮಕ್ಕಳ ಸುರಕ್ಷತೆ ಮೊದಲು, ಕೃತಜ್ಞತೆಯ ಪತ್ರ ಬರೆಯಿರೆಂದು ಯಾರೂ ಒತ್ತಾಯಿಸಬಾರದು.

ಮುಂದಿನ ಭೇಟಿಗೆ ಬಂದಾಗ ಮುಖ ಬಾಡಿತ್ತು. ಅಪ್ಪ ಪತ್ರ ಓದಿ, ಮಡಚಿ, ಬೆಳೆ ಲೆಕ್ಕದ ಪುಸ್ತಕದಲ್ಲಿಟ್ಟು "ಊಟ ಮಾಡಿದ್ಯಾ?" ಎಂದರಂತೆ. ಆ ಪುಸ್ತಕದಲ್ಲಿ ಇನ್ನೇನಿರುತ್ತದೆ ಎಂದು ಕೇಳಿದೆವು. ಪಹಣಿ, ಪಾಸ್‌ಬುಕ್ಕು ಎಂದಳು. "ಹೇಗಿತ್ತು ಪತ್ರ?" ಎಂದು ಮಾತ್ರ ಕೇಳಬೇಡಿ ಎಂದೆವು, ಉತ್ತರ ವಸೂಲಿಗೆ ಇಳಿದರೆ ಕೊಟ್ಟದ್ದು ಕೆಡುತ್ತದೆ.

ಒಂದೇ ಪತ್ರಕ್ಕೆ ಮುಗಿಯುವುದೂ ಇಲ್ಲ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಇಂಥ ಪತ್ರ ಬರೆದು ತಾವೇ ಕೊಟ್ಟುಬಂದವರ ಹಿಗ್ಗು ಒಂದು ತಿಂಗಳವರೆಗೆ ಉಳಿದು ಆಮೇಲೆ ಇಳಿಯಿತು. ಹಾಗಾಗಿ ವಾರಕ್ಕೊಂದು ಕರೆ, ರಾತ್ರಿಯ ಕೊನೆಯ ಸೊಪ್ಪು ಮುಗಿದ ಮೇಲೆ. "ಊಟ ಆಯ್ತಾ" ಎಂದಷ್ಟೇ ಕೇಳಿದರೆ ಅರ್ಧ ನಿಮಿಷಕ್ಕೆ ಫೋನು ಅಮ್ಮನ ಕೈಗೆ ಹೋಗುತ್ತದೆ. ಹುಳ ಎಷ್ಟನೇ ಜ್ವರದಲ್ಲಿವೆ ಎಂದು ಕೇಳಬೇಕು. ಕಂತಿಗೆಂದು ಎತ್ತಿಟ್ಟಿದ್ದ ಹಣವನ್ನು ಏನು ಮಾಡಲಿ ಎಂದಳು. ಮುಂದಿನ ಬೆಳೆಯ ಚಾಕಿ ಹುಳಕ್ಕೆ, ಅಂದರೆ ಸಾಕಲು ತರುವ ಮರಿಹುಳಕ್ಕೆ, ಒಂದು ಪಾಲು ಕೊಡಬಹುದು, ಕೊಡುವ ಮೊದಲು ಅಪ್ಪನನ್ನು ಕೇಳಿ ಎಂದು ಹೇಳಿ ಕಳಿಸಿದೆವು.